ಅಂಗಳವಿಲ್ಲದವನ ಗಾಡಿ
(ಹುಬ್ಬಳ್ಳಿಯಲ್ಲಿ ಮಾಡಿದ ಭಾಷಣ)



ವಿದ್ಯುತ್ ಸ್ಕೂಟರ್ ನಮ್ಮ ಓಣಿಗಳಿಗೂ ಬಂದಿದೆ. ಕೊಂಡ ಮೇಲೆ ಚಾರ್ಜು ಮಾಡುವುದೆಲ್ಲಿ? ಸ್ವಂತ ಅಂಗಳವಿದ್ದವನಿಗೆ ಚಿಂತೆಯಿಲ್ಲ. ಮನೆಯ ಸಂಪರ್ಕದಿಂದಲೇ ತುಂಬಿಕೊಳ್ಳಲು 2022ರ ಕೇಂದ್ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಹಳೇ ಹುಬ್ಬಳ್ಳಿಯ ಮಾಳಿಗೆಯ ಬಾಡಿಗೆದಾರನು ಕಿಟಕಿಯಿಂದ ವಾಯರು ಇಳಿಬಿಡಬೇಕೇ? ಮಳೆಗಾಲದಲ್ಲಿ ಅದು ಜೀವಕ್ಕೆ ಕುತ್ತು.

ಅವನಿಗೆ ಉಳಿದದ್ದು ಸಾರ್ವಜನಿಕ ಕೇಂದ್ರ. ಅಲ್ಲಿಯ ಲೆಕ್ಕವೇ ಬೇರೆ. ಮನೆಯ ವಿದ್ಯುತ್ತಿಗೆ ಜಿ.ಎಸ್.ಟಿ. ಇಲ್ಲ. ಮೈಸೂರು ಭಾಗದ ವಿದ್ಯುತ್ ಕಂಪನಿ ಕೇಳಿದ ಪ್ರಶ್ನೆಗೆ ರಾಜ್ಯದ ತೆರಿಗೆ ಪ್ರಾಧಿಕಾರವು 2023ರಲ್ಲಿ, ಕೇಂದ್ರದ ಚಾರ್ಜು ಸರಕಲ್ಲ, ಸೇವೆ. ನೂರಕ್ಕೆ 18 ತೆರಿಗೆ ಎಂದಿತು. ಅಂಗಳವಿಲ್ಲದವನೇ ಹೆಚ್ಚು ತೆರಬೇಕಂತೆ! ಇದನ್ನು ನಾವು ಒಪ್ಪುವುದಿಲ್ಲ.

ವ್ಯಾಪಾರಿ ಬಂಧುಗಳೂ ಕೇಳಬೇಕು. ಚಾರ್ಜಿಂಗ್ ಕೇಂದ್ರ ತೆರೆಯಲು 2018ರಿಂದ ವಿದ್ಯುತ್ ಲೈಸೆನ್ಸು ಬೇಡ. ಹೆಸ್ಕಾಂ ಸಂಪರ್ಕ ಬೇಕು, ಸುರಕ್ಷತೆಯ ನಿಯಮ ಪಾಲಿಸಬೇಕು. ಸ್ಕೂಟರಿಗೆ ಭಾರಿ ಯಂತ್ರವೇನೂ ಬೇಕಿಲ್ಲ. ಮೂರು ಯೂನಿಟ್ ಹಿಡಿಯುವ ಬ್ಯಾಟರಿ ಸಾದಾ ಸಾಕೆಟ್ಟಿನಲ್ಲಿ ನಾಲ್ಕೈದು ತಾಸಿಗೆ ತುಂಬುತ್ತದೆ. ಅಷ್ಟರಲ್ಲಿ ಗಿರಾಕಿ ನಿಮ್ಮಲ್ಲಿ ಸಾಮಾನೂ ಕೊಂಡಾನು.

ನಗರದಲ್ಲಿ ಮೂರು ಕಿಲೋಮೀಟರ್ ಚೌಕಕ್ಕೆ ಒಂದಾದರೂ ಕೇಂದ್ರ ಎಂದು 2018ರ ಮಾರ್ಗಸೂಚಿ ಹೇಳಿತು. ಕಾರಿನವನಿಗೆ ಸರಿ. ರಾತ್ರಿ ಪಾಳಿ ಮುಗಿಸಿದವನು ಗಾಡಿ ಅಲ್ಲಿ ಬಿಟ್ಟು ಎರಡು ಕಿಲೋಮೀಟರ್ ನಡೆಯುವನೇ? ಪಾಲಿಕೆಯು ತನ್ನ ಮಾರ್ಕೆಟ್ಟುಗಳಲ್ಲಿ, ಗಾಡಿ ನಿಲ್ಲುವ ಜಾಗಗಳಲ್ಲಿ ಮೀಟರ್ ಹಚ್ಚಿದ ಸಾಕೆಟ್ಟು ಹಾಕಿಸಲಿ, ದುರ್ಗದಬೈಲಿನಿಂದಲೇ ಶುರುವಾಗಲಿ.

ಮನವಿಯ ಕಾಗದ ಇಲ್ಲೇ ಮೇಜಿನ ಮೇಲಿದೆ. ಸಹಿಯ ಮುಂದೆ ಮನೆ ಸ್ವಂತದ್ದೋ ಬಾಡಿಗೆಯದೋ ಎಂಬುದನ್ನೂ ಬರೆಯಿರಿ.