ಗಾಲಿಗೆ ಬಣ್ಣ: ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು

ಇವತ್ತಿನ ಮಾತು ಕಾರಿನ ಗಾಲಿಗೆ ಮನೆಯಲ್ಲೇ ಬಣ್ಣ ಹಚ್ಚೋದರ ಬಗ್ಗೆ. ನಾನಿರೋದು ರಾಮದುರ್ಗ ತಾಲೂಕಿನ ಕಟಕೋಳದಾಗ. ನಮ್ಮ ಕಡೆ ಎರಿ ಭೂಮಿ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಕರಿ ಮಣ್ಣು ಗಾಲಿಯ ಒಳಮಗ್ಗುಲಿಗೆ ಮೆತ್ತಿಕೊಂಡು ಕೂತುಬಿಡ್ತದ. ಒಂದೇ ಕಡೆ ಭಾರ ಹೆಚ್ಚಾದರೆ ಸ್ಟೇರಿಂಗ್ ನಡುಗುತ್ತದೆ. ಮಣ್ಣು ಹಸಿ ಹಿಡಿದಿಟ್ಟಲ್ಲಿ ಕಬ್ಬಿಣಕ್ಕೆ ತುಕ್ಕು ಶುರು.

ಬಣ್ಣ ಚಂದಕ್ಕೆ ಅಂತ ನಾವು ತಿಳಕೊಂಡೀವಿ. ಖರೇ ಹೇಳಬೇಕಂದ್ರೆ ಅದು ತುಕ್ಕು ತಡೆಯೋ ಹೊದಿಕೆ. ಆದರೆ ಹಚ್ಚಬಾರದ ಜಾಗದಲ್ಲಿ ಹಚ್ಚಿದರೆ ಅದೇ ಬಣ್ಣ ಜೀವಕ್ಕೆ ಕುತ್ತು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಗಾಲಿ ಬಿಚ್ಚೋದು. ಗಾಡಿ ಸಮತಟ್ಟು ಗಟ್ಟಿ ನೆಲದ ಮೇಲೆ ನಿಲ್ಲಲಿ. ಹ್ಯಾಂಡ್‌ಬ್ರೇಕ್ ಎಳೀರಿ, ಗೇರಿನಲ್ಲಿಡ್ರಿ, ಉಳಿದ ಗಾಲಿಗೆ ಕಲ್ಲು ಕೊಡ್ರಿ. ನಟ್ಟು ಸಡಿಲ ಮಾಡೋದು ಗಾಡಿ ನೆಲದ ಮೇಲಿದ್ದಾಗ, ಆಮೇಲೆ ಜಾಕ್. ಒಂದು ಸಲಕ್ಕೆ ಒಂದೇ ಗಾಲಿ ತೆಗೀರಿ, ಆ ಜಾಗಕ್ಕೆ ಸ್ಟೆಪ್ನಿ ಹಾಕಿ ಗಾಡಿ ಕೆಳಗಿಳಿಸ್ರಿ. ರಾತ್ರಿಯೆಲ್ಲ ಜಾಕ್ ಮೇಲೆ ನಿಲ್ಲಿಸಿ, ಹುಡುಗರು ಅದರ ಕೆಳಗೆ ಆಡೋದು ಬ್ಯಾಡ.

ಇನ್ನು ತೊಳೆಯೋದು. ಗಾಲಿ ಮೇಲಿನ ಕರಿ ಪುಡಿ ಬರೀ ಧೂಳಲ್ಲ, ಬ್ರೇಕ್ ಸವೆದ ಪುಡಿ. ಬಾಯಿಂದ ಊದಬ್ಯಾಡ್ರಿ, ನೀರು ಹಾಕಿ ತೊಳೀರಿ. ಸೋಪಿನ ನೀರಿನಿಂದ ಜಿಡ್ಡು ಹೋಗಬೇಕು. ಟೈರಿಗೆ ಸೀಮೆಎಣ್ಣೆ, ಡೀಸೆಲ್ ತಾಗಬಾರದು, ರಬ್ಬರ್ ಹಾಳಾಗ್ತದ.

ಗಾಲಿ ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡ್ರಿ. ನಟ್ಟಿನ ತೂತಿನ ಸುತ್ತ, ಬೆಸುಗೆ ಹಾಕಿದ ಕಡೆ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಗಾಲಿಗೆ ಬಣ್ಣ ಬ್ಯಾಡ, ಗಾಲಿಯನ್ನೇ ಬದಲಿಸ್ರಿ. ಬಣ್ಣ ಬಿರುಕನ್ನು ಮುಚ್ಚುತ್ತದೆ, ಕೂಡಿಸೋದಿಲ್ಲ. ಟೈರ್ ಇರುವಾಗಲೇ ರಿಮ್ಮಿಗೆ ವೆಲ್ಡಿಂಗ್ ಮಾಡಿಸೋದಂತೂ ಬ್ಯಾಡವೇ ಬ್ಯಾಡ. ಕಾವಿಗೆ ಟೈರ್ ಸಿಡಿಯಬಹುದು.

ಗಾಲಿ ಗಟ್ಟಿಯಿದ್ದರೆ ಮಾಸ್ಕ್, ಕನ್ನಡಕ ಹಾಕಿಕೊಂಡು ತಂತಿ ಬ್ರಷ್ ಹಿಡೀರಿ. ಸಡಿಲ ತುಕ್ಕು ಉದುರಲಿ. ಆಮೇಲೆ 80ರ ಎಮರಿ ಹಾಳೆ, ನಂತರ 180, ಕೊನೆಗೆ 320. ಗಟ್ಟಿಯಾಗಿ ಕೂತ ಹಳೇ ಬಣ್ಣ ಪೂರಾ ಕಿತ್ತೋದು ಬೇಕಿಲ್ಲ, ಹೊಳಪು ಹೋಗಿ ಒರಟಾದರೆ ಸಾಕು. ಥಿನ್ನರ್ ಬಟ್ಟೆಯಿಂದ ಒರೆಸಿದ ಮೇಲೆ ಬರಿಗೈ ಮುಟ್ಟಿಸಬ್ಯಾಡ್ರಿ, ಕೈ ಜಿಡ್ಡಿಗೆ ಬಣ್ಣ ಹಿಡಿಯೋದಿಲ್ಲ. ಟೈರ್ ಮುಚ್ಚಲಿಕ್ಕೆ ಮನೆಯಾಗಿನ ಹಳೇ ಲಗ್ನಪತ್ರಿಕೆ ಬಳಸ್ರಿ. ಆ ದಪ್ಪ ಕಾಗದ ರಿಮ್ಮಿಗೂ ಟೈರಿಗೂ ನಡುವೆ ಸುತ್ತಲೂ ಚೆಂದ ಸಿಗಿಸ್ತದ. ವಾಲ್ವ್‌ಗೆ ಟೇಪ್ ಸುತ್ತಿರಿ. ಬ್ಯಾಲೆನ್ಸಿಂಗ್ ಸೀಸದ ತುಂಡುಗಳನ್ನು ಕೀಳಬ್ಯಾಡ್ರಿ.

ಈಗ ಮುಖ್ಯ ಮಾತು. ಗಾಲಿಯ ಹಿಂಭಾಗದಲ್ಲಿ ಹಬ್ಬಿಗೆ ಒತ್ತಿ ಕೂರೋ ಚಪ್ಪಟೆ ಜಾಗ, ನಟ್ಟು ಕೂರೋ ಇಳಿಜಾರು ತೂತು, ಇವೆರಡಕ್ಕೂ ಟೇಪ್ ಹಚ್ಚಿ ಮುಚ್ಚಿರಿ. ನಟ್ಟು ಗಾಲಿಯನ್ನು ಹಿಡಿದಿರೋದು ಬಿಗಿತದಿಂದ. ನಡುವೆ ದಪ್ಪ ಬಣ್ಣ ಸಿಕ್ಕರೆ, ಗಾಡಿ ಓಡಿದಂಗ ಭಾರಕ್ಕೆ, ಬ್ರೇಕಿನ ಕಾವಿಗೆ ಅದು ನುರಿದು ತೆಳುವಾಗ್ತದ. ಆ ಸಂದಿನಷ್ಟೂ ನಟ್ಟು ಸಡಿಲ. ಮುಂಜಾನೆ ಬಿಗಿಯಿದ್ದ ನಟ್ಟು ಸಂಜೆಗೆ ಅಲುಗಾಡಬಹುದು. ಚಕ್ಕಡಿಗೆ ಕಡೆಗೀಲು ಹೆಂಗೋ, ಕಾರಿಗೆ ನಟ್ಟಿನ ಬಿಗಿ ಹಂಗ. ಬೋಲ್ಟಿನ ಎಳೆಗೂ ಬಣ್ಣ, ಎಣ್ಣೆ ಬ್ಯಾಡ.

ಕಬ್ಬಿಣದ ಗಾಲಿಗೆ ಮೊದಲು ರೆಡ್ ಆಕ್ಸೈಡ್‌ನಂಥ ತುಕ್ಕು ತಡೆಯೋ ಪ್ರೈಮರ್. ಅಲಾಯ್ ಗಾಲಿಗೆ ಅದು ನಡೆಯೋದಿಲ್ಲ, ಅಲ್ಯೂಮಿನಿಯಮ್ಮಿಗೆ ಅಂತಲೇ ಬರೋ ಎಚ್ ಪ್ರೈಮರ್ ಕೇಳಿ ತಗೋರಿ. ಸ್ಪ್ರೇ ಡಬ್ಬಿ ಎರಡು ನಿಮಿಷ ಚೆನ್ನಾಗಿ ಅಲುಗಾಡಿಸಿ, ಸುಮಾರು 25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಹೊಡೀರಿ. ದಪ್ಪ ಒಂದು ಕೋಟಿಗಿಂತ ತೆಳು ಮೂರು ಕೋಟು ಲೇಸು. ನಡುವೆ 10-15 ನಿಮಿಷ ಬಿಡ್ರಿ, ಡಬ್ಬಿ ಮೇಲೆ ಬೇರೆ ಬರೆದಿದ್ದರೆ ಅದರಂತೆ ಮಾಡ್ರಿ. ಮಧ್ಯಾಹ್ನದ ಬಿಸಿಲಲ್ಲಿ ಕಾದ ಗಾಲಿಗೆ ಬ್ಯಾಡ, ಮಳೆ ಹವೆಯಲ್ಲೂ ಬ್ಯಾಡ. ಗಾಳಿ ಏಳೋದಕ್ಕೆ ಮುಂಚೆ ಮುಂಜಾನೆ ಹೊತ್ತು ಛಲೋ. ಬಯಲಲ್ಲೇ ಹೊಡೀರಿ, ಬೀಡಿ, ಒಲೆ ಹತ್ತಿರ ಇರಬಾರದು.

ಒಂದು ದಿನ ಪೂರಾ ಒಣಗಲಿ. ಟೇಪ್ ತೆಗೆದು ಗಾಲಿ ಕೂರಿಸಿ, ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿ ಮಾಡ್ರಿ. ಎಷ್ಟು ಬಿಗಿ ಅನ್ನೋದು ಗಾಡಿಯ ಜೊತೆ ಬಂದ ಪುಸ್ತಕದಾಗ ಇರ್ತದ. ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡ್ರಿ. ಸವದತ್ತಿ ಗುಡ್ಡಕ್ಕೆ ಮಂದಿ ಕೂರಿಸಿಕೊಂಡು ಹೊರಡೋ ಮುಂಚೆ ಅಂತೂ ತಪ್ಪಿಸಬ್ಯಾಡ್ರಿ. ನಾಲ್ಕು ಗಾಲಿಗೆ ನಾಲ್ಕೈದು ದಿನ ಹಿಡಿದರೂ ಹಿಡೀಲಿ, ಅವಸರ ಬ್ಯಾಡ.