ಕಿರೀಟ ಅವರಿಗೆ, ಬಿಲ್ ಯಾರಿಗೆ? ಚಿನ್ನಸ್ವಾಮಿಯಲ್ಲಿ ನಡೆದ ಮಿಸ್ ವರ್ಲ್ಡ್ ಕಥೆ

 

ಚಿನ್ನಸ್ವಾಮಿ ಸ್ಟೇಡಿಯಂ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಕ್ರಿಕೆಟ್. ಆದರೆ 1996ರ ನವೆಂಬರ್ 23, ಶನಿವಾರ ರಾತ್ರಿ ಅಲ್ಲಿ ನಡೆದದ್ದು ಮಿಸ್ ವರ್ಲ್ಡ್ ಫೈನಲ್. 88 ಸ್ಪರ್ಧಿಗಳು. ಗೆದ್ದವರು ಗ್ರೀಸ್‌ನ ಐರೀನ್ ಸ್ಕ್ಲಿವಾ. ಭಾರತದ ರಾಣಿ ಜೆಯರಾಜ್ ಕೊನೆಯ ಐವರಲ್ಲಿ ಒಬ್ಬರಾಗಿದ್ದರು.

ನಾನಾಗ ಇನ್ನೂ ಹುಟ್ಟಿರಲಿಲ್ಲ. ದೊಡ್ಡವರ ಹತ್ರ ಕೇಳಿದ್ರೆ "ಅಯ್ಯೋ, ಆಗ ಏನು ಗಲಾಟೆ ಗೊತ್ತಾ" ಅಂತ ಶುರು ಮಾಡ್ತಾರೆ. ಸಂಸ್ಕೃತಿ ಹಾಳಾಗುತ್ತೆ ಅಂತ ಒಂದು ಗುಂಪು, ಬೆಂಗಳೂರಿನ ಹೆಸರು ಪ್ರಪಂಚಕ್ಕೆ ಗೊತ್ತಾಗುತ್ತೆ ಅಂತ ಇನ್ನೊಂದು ಗುಂಪು. ನಾನು ಓದಿದ್ದು ಬಿ.ಕಾಂ. ಹಾಗಾಗಿ ನನ್ನ ತಲೆಗೆ ಮೊದಲು ಬರೋ ಪ್ರಶ್ನೆ ಬೇರೆ. ದುಡ್ಡು ಹಾಕಿದ್ದು ಯಾರು? ಕಳ್ಕೊಂಡಿದ್ದು ಯಾರು? ಇವತ್ತು ಆ ಲೆಕ್ಕದ ಪುಸ್ತಕ ತೆಗೆದು ನೋಡೋಣ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಸೌಂದರ್ಯ ಸ್ಪರ್ಧೆ ಅಂದ್ರೆ ಎಲ್ಲೋ ಒಂದು ಸ್ಪರ್ಧೆ ನಡೆಯುತ್ತೆ, ಟಿವಿಯವರು ಬಂದು ಅದನ್ನ ತೋರಿಸ್ತಾರೆ ಅಂತ ನಾವು ಅಂದ್ಕೊಂಡಿರ್ತೀವಿ. ವ್ಯಾಪಾರದ ದೃಷ್ಟಿಯಿಂದ ನೋಡಿದ್ರೆ ಅದು ಉಲ್ಟಾ. ಅದು ಸ್ಪರ್ಧೆಯ ರೂಪದಲ್ಲಿರೋ ಒಂದು ಟಿವಿ ಕಾರ್ಯಕ್ರಮ. ಹುಟ್ಟಿದ್ದೇ ಪ್ರಚಾರಕ್ಕೆ. 1951ರಲ್ಲಿ ಲಂಡನ್‌ನಲ್ಲಿ ಎರಿಕ್ ಮಾರ್ಲಿ ಎಂಬ ವ್ಯಕ್ತಿ, ಫೆಸ್ಟಿವಲ್ ಆಫ್ ಬ್ರಿಟನ್ ಉತ್ಸವದ ಸಮಯದಲ್ಲಿ ಒಂದು ಬಿಕಿನಿ ಸ್ಪರ್ಧೆ ಮಾಡಿದರು. ಅದೇ ಮಿಸ್ ವರ್ಲ್ಡ್ ಆಯ್ತು. ಅತ್ತ ಅಮೆರಿಕದಲ್ಲಿ ಮಿಸ್ ಅಮೆರಿಕ ಆಗಿದ್ದ ಯೋಲಾಂಡ್ ಬೆಟ್‌ಬೀಜ್, ನಾನು ಈಜುಡುಗೆಯಲ್ಲಿ ಪೋಸ್ ಕೊಡಲ್ಲ ಅಂದ್ರು. ಸಿಟ್ಟಾದ ಈಜುಡುಗೆ ಕಂಪನಿ ಪ್ರಾಯೋಜಕತ್ವ ಬಿಟ್ಟು, 1952ರಲ್ಲಿ ಬೇರೆಯೇ ಸ್ಪರ್ಧೆ ಶುರು ಮಾಡ್ತು. ಅದು ಮಿಸ್ ಯೂನಿವರ್ಸ್.

1959ರಿಂದ ಬಿಬಿಸಿ ಮಿಸ್ ವರ್ಲ್ಡ್ ತೋರಿಸೋಕೆ ಶುರು ಮಾಡಿದ ಮೇಲೆ ಅದರ ಗಾತ್ರವೇ ಬದಲಾಯಿತು. 1970ರ ಹೊತ್ತಿಗೆ ಬ್ರಿಟನ್ ಒಂದರಲ್ಲೇ 2 ಕೋಟಿಗೂ ಹೆಚ್ಚು ಜನ ನೋಡ್ತಿದ್ರು. ಆ ವರ್ಷ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ತ್ರೀವಾದಿ ಹೋರಾಟಗಾರ್ತಿಯರು ಟಿಕೆಟ್ ತಗೊಂಡು ಒಳಗೆ ಹೋಗಿ, ನಿರೂಪಕ ಬಾಬ್ ಹೋಪ್ ಮಾತಾಡ್ತಿರುವಾಗಲೇ ಹಿಟ್ಟಿನ ಪೊಟ್ಟಣ ಎಸೆದರು. ಪ್ರತಿಭಟನೆಗೆ ಆ ರಾತ್ರಿಯನ್ನೇ ಯಾಕೆ ಆರಿಸಿಕೊಂಡರು? ಅಷ್ಟು ಜನ ನೋಡೋ ವೇದಿಕೆ ಬೇರೆ ಎಲ್ಲೂ ಸಿಗ್ತಿರಲಿಲ್ಲ, ಅದಕ್ಕೇ.

ಇನ್ನೊಂದು ಮಾತನ್ನೂ ಹೇಳ್ಬೇಕು. ಅದೇ ರಾತ್ರಿ ಗೆದ್ದವರು ಗ್ರೆನಡಾ ಎಂಬ ಪುಟ್ಟ ದ್ವೀಪದ ಜೆನಿಫರ್ ಹೋಸ್ಟನ್, ಮೊದಲ ಕಪ್ಪು ವರ್ಣದ ಮಿಸ್ ವರ್ಲ್ಡ್. ಎರಡನೇ ಸ್ಥಾನ ಬಂದದ್ದು ವರ್ಣಭೇದದ ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಪರ್ಲ್ ಜಾನ್ಸೆನ್ ಅವರಿಗೆ. ಅವರಿಬ್ಬರನ್ನು ಆ ಕಿರೀಟದ ಹತ್ತಿರ ನೋಡಿದ್ದು ಎಷ್ಟೋ ಕಪ್ಪು ಹುಡುಗಿಯರಿಗೆ ದೊಡ್ಡ ವಿಷಯ. ಹಾಗಾಗಿ "ಎಲ್ಲ ಬರೀ ವ್ಯಾಪಾರ" ಅಂತ ಕೈ ತೊಳ್ಕೊಳ್ಳೋಕೆ ಆಗಲ್ಲ. ಆದ್ರೆ ವ್ಯಾಪಾರ ಇದೆ ಅನ್ನೋದನ್ನ ಮರೆಯೋಕೂ ಆಗಲ್ಲ.

ಈಗ ಬೆಂಗಳೂರಿಗೆ ವಾಪಸ್ ಬರೋಣ. 1994ರಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್, ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್. ಆಗಷ್ಟೇ ಕೇಬಲ್ ಟಿವಿ ಮನೆಮನೆಗೆ ಬರ್ತಾ ಇತ್ತು. ಇಲ್ಲಿ ಮಾರುಕಟ್ಟೆ ಇದೆ ಅಂತ ಎಲ್ಲರಿಗೂ ಗೊತ್ತಾಯ್ತು. 1996ರ ಆತಿಥ್ಯದ ಜವಾಬ್ದಾರಿ ಹೊತ್ತದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಬೆಂಬಲಕ್ಕೆ ನಿಂತರು.

ವಿರೋಧಿಸಿದವರು ಒಂದೇ ಥರದವರಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ, ಎಡಪಂಥೀಯ ಮಹಿಳಾ ಸಂಘಟನೆಗಳು, ಬಿಜೆಪಿಯ ಮಹಿಳಾ ನಾಯಕಿಯರು, ಎಲ್ಲರೂ ಬೇರೆ ಬೇರೆ ಕಾರಣಕ್ಕೆ ಬೀದಿಗೆ ಬಂದರು. ಮದುರೈನಲ್ಲಿ ಒಬ್ಬ ಯುವಕ ಇದನ್ನ ವಿರೋಧಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಕೊನೆಗೆ ಈಜುಡುಗೆ ಸುತ್ತನ್ನು ಭಾರತದಲ್ಲಿ ಮಾಡೋದು ಬೇಡ ಅಂತ ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಈಜುಡುಗೆ ಸುತ್ತು ಬೆಂಗಳೂರಿನಲ್ಲಿ ನಡೀಲಿಲ್ಲ, ಆದರೆ ಕಾರ್ಯಕ್ರಮದಿಂದ ಮಾಯ ಆಗಲಿಲ್ಲ. ಸಮುದ್ರದ ಆಚೆ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ್ರೆ ಟಿವಿಗೆ ಸಾಕಿತ್ತು. ಹೋರಾಟ ನಡೆದದ್ದು ಎಂ.ಜಿ. ರಸ್ತೆ ಪಕ್ಕದ ಒಂದು ಮೈದಾನದ ಸುತ್ತ. ಆದರೆ ಕಾರ್ಯಕ್ರಮದ ನಿಜವಾದ ಜಾಗ ಆ ಮೈದಾನ ಅಲ್ಲ, ಟಿವಿ ಪರದೆ. ಸಾವಿರಾರು ಪೊಲೀಸರು ಕಾವಲು ನಿಂತದ್ದು, ಲೆಕ್ಕದಲ್ಲಿ ಹೇಳೋದಾದ್ರೆ, ಒಂದು ಶೂಟಿಂಗ್ ಸೆಟ್‌ಗೆ.

ಸರಿ, ದುಡ್ಡಿನ ಕಥೆ. ಇಂಥ ಸ್ಪರ್ಧೆಗಳಲ್ಲಿ ಬ್ರ್ಯಾಂಡ್‌ನ ಮಾಲೀಕರಿಗೆ ಹಲವು ಕಡೆಯಿಂದ ಆದಾಯ ಬರುತ್ತೆ. ಪ್ರತಿ ದೇಶದ ಆಯೋಜಕರು ಕೊಡೋ ಫ್ರಾಂಚೈಸಿ ಶುಲ್ಕ, ಪ್ರಸಾರದ ಹಕ್ಕು, ಪ್ರಾಯೋಜಕರು, ಆತಿಥ್ಯದ ಶುಲ್ಕ. ಆತಿಥ್ಯ ವಹಿಸಿಕೊಂಡವರ ಕೈಗೆ ಬರೋದು ಖರ್ಚು. ವೇದಿಕೆ, ಹೋಟೆಲ್, ಓಡಾಟ, ಭದ್ರತೆ. ಜನ ಬರಲಿ ಬಿಡಲಿ ಇದು ಕಡಿಮೆಯಾಗಲ್ಲ. ಮತ್ತೆ ಒಂದು ರಾತ್ರಿಯ ಲೈವ್ ಶೋ ಅಂದ್ರೆ ಕೆ.ಆರ್. ಮಾರ್ಕೆಟ್‌ನ ಬಿಡಿ ಹೂವಿದ್ದ ಹಾಗೆ. ಸಂಜೆಯೊಳಗೆ ಮಾರದಿದ್ರೆ ಮಾರನೇ ದಿನ ಕಸದ ಗಾಡಿಗೆ.

ಎಬಿಸಿಎಲ್‌ಗೆ ಭಾರೀ ನಷ್ಟ ಆಯ್ತು. ಸಿನಿಮಾಗಳೂ ಕೈಕೊಟ್ಟವು. ಸಾಲ 90 ಕೋಟಿ ರೂಪಾಯಿ ಮುಟ್ಟಿತ್ತು ಅಂತ ಬಚ್ಚನ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅವರನ್ನ ಮತ್ತೆ ಮೇಲೆತ್ತಿದ್ದೂ ಟಿವಿಯೇ: 2000ದ ಜುಲೈನಲ್ಲಿ ಶುರುವಾದ ಕೌನ್ ಬನೇಗಾ ಕರೋಡ್‌ಪತಿ. ಆ ಕಡೆ ಮಿಸ್ ವರ್ಲ್ಡ್‌ಗೆ ಏನಾಯ್ತು? ಏನೂ ಆಗಲಿಲ್ಲ. ಮುಂದಿನ ವರ್ಷ ಸೆಶೆಲ್ಸ್‌ನಲ್ಲಿ ನಡೀತು.

ಮಾಲೀಕರು ಯಾವಾಗ್ಲೂ ಗೆಲ್ತಾರೆ ಅಂತಲೂ ಅಲ್ಲ. 2022ರಲ್ಲಿ ಥಾಯ್ಲೆಂಡ್‌ನ ಜೆಕೆಎನ್ ಎಂಬ ಮಾಧ್ಯಮ ಕಂಪನಿ ಮಿಸ್ ಯೂನಿವರ್ಸ್ ಸಂಸ್ಥೆಯನ್ನು 2 ಕೋಟಿ ಡಾಲರ್‌ಗೆ ಕೊಂಡಿತು. ಮುಂದಿನ ವರ್ಷವೇ ಸಾಲ ತೀರಿಸಲಾಗದೆ ಕೋರ್ಟ್ ಮೆಟ್ಟಿಲು ಹತ್ತಿತು. ಕಿರೀಟದ ಹೊಳಪು ಬೇರೆ, ಬ್ಯಾಲೆನ್ಸ್ ಶೀಟ್ ಬೇರೆ.

ಈ ಲೆಕ್ಕದಲ್ಲಿ ಕಾಣದ ಒಂದು ಹೆಸರಿದೆ, ಸ್ಪರ್ಧಿಗಳದ್ದು. ಕಾರ್ಯಕ್ರಮ ನಿಂತಿರೋದೇ ಅವರ ಮೇಲೆ. ವಾರಗಟ್ಟಲೆ ರಿಹರ್ಸಲ್, ಶೂಟಿಂಗ್, ಪ್ರಾಯೋಜಕರ ಕಾರ್ಯಕ್ರಮ. ಆದರೆ ಸಾಮಾನ್ಯವಾಗಿ ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಇರಲ್ಲ. 2025ರ ಮೇ ತಿಂಗಳಲ್ಲಿ ಹೈದರಾಬಾದ್‌ನಲ್ಲಿ ಮಿಸ್ ವರ್ಲ್ಡ್ ನಡೆದಾಗ ಇಂಗ್ಲೆಂಡ್‌ನ ಸ್ಪರ್ಧಿ ಅರ್ಧಕ್ಕೇ ವಾಪಸ್ ಹೋದರು. ಶ್ರೀಮಂತ ಪ್ರಾಯೋಜಕರ ಜೊತೆ ಕೂರಿಸಿ ಅವರನ್ನ ಖುಷಿಪಡಿಸೋಕೆ ಹೇಳಿದರು ಅನ್ನೋದು ಅವರ ಆರೋಪ. ಆಯೋಜಕರು ಅದನ್ನ ಪೂರ್ತಿ ಅಲ್ಲಗಳೆದರು. ಯಾರು ಸರಿ ಅನ್ನೋ ತೀರ್ಪು ನಾನು ಕೊಡಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತೆ: ಅವರು ಅಲ್ಲಿಗೆ ಬಂದದ್ದು ಸ್ಪರ್ಧಿಯಾಗಿಯೋ, ಕೆಲಸದವರಾಗಿಯೋ? ಕೆಲಸ ಅಂತಾದ್ರೆ ಅದಕ್ಕೆ ಸಮಯ, ನಿಯಮ, ಕೂಲಿ ಎಲ್ಲವೂ ಇರಬೇಕಲ್ವಾ?

ಹೈದರಾಬಾದ್‌ನಲ್ಲಿ ಇನ್ನೊಂದು ಬದಲಾವಣೆ ಗಮನಿಸಿ. 1996ರಲ್ಲಿ ಆತಿಥೇಯರಾಗಿದ್ದದ್ದು ಖಾಸಗಿ ಕಂಪನಿ. ಈ ಸಲ ತೆಲಂಗಾಣ ಸರ್ಕಾರವೇ ಪ್ರವಾಸೋದ್ಯಮದ ಹೆಸರಲ್ಲಿ ಮುಂದೆ ನಿಂತಿತ್ತು. ಕಂಪನಿ ಸೋತರೆ ಅದರ ಷೇರುದಾರರು ಸೋಲ್ತಾರೆ. ಸರ್ಕಾರ ಸೋತರೆ ಬಿಲ್ ನಮಗೇ ಬರುತ್ತೆ.

ಹಾಗಾಗಿ ನಾಳೆ ಇಂಥದ್ದೊಂದು ಶೋ ಮತ್ತೆ ಬೆಂಗಳೂರಿಗೋ ಮೈಸೂರಿಗೋ ಬಂದ್ರೆ, "ಬೇಕಾ ಬೇಡ್ವಾ" ಅಂತ ಜಗಳ ಆಡೋ ಮೊದಲು ಮೂರು ವಿಷಯ ಕೇಳಿ. ಆತಿಥ್ಯದ ಒಪ್ಪಂದವನ್ನ ಜನರ ಮುಂದೆ ಇಡ್ತೀರಾ? ಬಂದೋಬಸ್ತಿನ ಖರ್ಚು ಯಾರ ತಲೆಗೆ? ವೇದಿಕೆ ಮೇಲೆ ನಿಲ್ಲೋ ಹುಡುಗಿಯರಿಗೆ ಸಿಗೋದೆಷ್ಟು? ಈ ಮೂರಕ್ಕೆ ನೇರವಾದ ಉತ್ತರ ಸಿಕ್ಕಿದ್ರೆ, ಆಮೇಲೆ ಸಂಸ್ಕೃತಿ ಬಗ್ಗೆ ಎಷ್ಟು ಬೇಕಾದ್ರೂ ವಾದ ಮಾಡೋಣ.

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲಿ 1996ರ ಗಲಾಟೆ ನೋಡಿದವರಿದ್ರೆ ಅವರಿಗೂ ಈ ಕಂತು ಕೇಳಿಸಿ, ಅವರು ಏನಂದ್ರು ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.