ತುಟಿ ಅಲುಗದ ಓದು



ಶಿಕ್ಷಕರ ಈ ಸಭೆಯ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಆಶಯ ಭಾಷಣ’ ಎಂದು ಅಚ್ಚಾಗಿದೆ. ನಿವೃತ್ತರಾದವರ ಬಳಿ ಆಶಯಗಳು ಬೇಕಾದಷ್ಟಿರುತ್ತವೆ, ಸಹಿ ಹಾಕುವ ಅಧಿಕಾರವಷ್ಟೇ ಇರುವುದಿಲ್ಲ. ಹಾಗಾಗಿ ಧೈರ್ಯವಾಗಿ ಮಾತಾಡಬಹುದು. ನಿರೂಪಕರು ಚೀಟಿ ಕಳಿಸುವುದರೊಳಗೆ ಮುಗಿಸುತ್ತೇನೆಂಬ ಭರವಸೆಯನ್ನು ಮಾತ್ರ ಕೊಡಲಾರೆ.

ಪ್ರಾಥಮಿಕ ಶಾಲೆಯ ಮಕ್ಕಳ ಓದು ಮತ್ತು ಹೊಸ ಶೈಕ್ಷಣಿಕ ವರ್ಷದ ನಿರೀಕ್ಷೆಗಳು ಎಂಬುದು ಇಂದಿನ ವಿಷಯ. ನಿರೀಕ್ಷೆ ಅಂದಕೂಡಲೇ ನಮ್ಮ ಕಣ್ಣು ಹೋಗುವುದು ಮಗುವಿನ ಕಡೆಗೆ. ಶಾಲಾ ಪ್ರಾರಂಭೋತ್ಸವದ ಮಾವಿನ ತೋರಣ ಒಣಗುವ ಮೊದಲೇ, ಹಿಂದಿನ ತರಗತಿಯ ಕಲಿಕೆಯನ್ನು ಹೊಸದಕ್ಕೆ ಜೋಡಿಸುವ ಸೇತುಬಂಧದ ನೈದಾನಿಕ ಪರೀಕ್ಷೆ ಶುರುವಾಗುತ್ತದೆ. ಅಕ್ಷರ ಗುರುತಿಸುವವರು, ಪದ ಓದುವವರು, ವಾಕ್ಯ ಓದುವವರು ಎಂದು ಗುಂಪು ಮಾಡುತ್ತೇವೆ. ಯಾರು ಯಾವ ತಿಂಗಳಿಗೆ ಯಾವ ಗುಂಪಿಗೆ ಏರಬೇಕು ಎಂದು ಕ್ರಿಯಾಯೋಜನೆ ಬರೆಯುತ್ತೇವೆ. ಈ ವರ್ಷ ಆ ಮಗುವಿನ ಕೈಗೆ ಶಾಲೆ ಏನು ಕೊಡುತ್ತದೆ ಎಂಬ ಕಲಂ ಮಾತ್ರ ಆ ನಮೂನೆಯಲ್ಲಿ ಎಲ್ಲೂ ಇರುವುದಿಲ್ಲ. ನಾವು ಎಡವಿದ ಜಾಗ ಇದೇ ಎಂದು ನಾನು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ. ಇಲ್ಲಿ ಕೆಲವರು ಇದನ್ನು ಹಿಂದೆಯೂ ಕೇಳಿದ್ದೀರಿ. ದಯವಿಟ್ಟು ಇನ್ನೊಮ್ಮೆ ಸಹಿಸಿಕೊಳ್ಳಿ.

ಓದು ಕಲಿಸಲು ನಮ್ಮ ನಾಡಿನಲ್ಲಿ ಆದ ಕೆಲಸಗಳನ್ನೆಲ್ಲ ಸಮೀಕ್ಷೆ ಮಾಡುವ ಅಗತ್ಯವಿಲ್ಲ. ಮಾಡಿದವರೇ ಮುಂದಿನ ಸಾಲುಗಳಲ್ಲಿ ಕುಳಿತಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಮೊಳೆತಾಗ ಕಾರ್ಡು, ಕಲಿಕೆಯ ಮೆಟ್ಟಿಲು, ಗುಂಪಿನ ತಟ್ಟೆಗಳನ್ನು ಕೈಯಾರೆ ಮಾಡಿದ ಶಿಕ್ಷಕರಿಗೆ ನಾನೇನು ಹೇಳಲಿ? ‘ಅ ಆ ಇ ಈ’ ಸಾಲನ್ನು ಮುರಿದು ‘ರ ಗ ಸ ದ ಅ’ ಎಂದು ಶುರು ಮಾಡಿದ್ದು ಸಣ್ಣ ಸಾಹಸವಲ್ಲ. ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ವರ್ಣಮಾಲೆ ಮುಗಿಯುವವರೆಗೆ ಪದಕ್ಕೆ ಕಾಯಬೇಕಿಲ್ಲ ಎಂಬುದನ್ನು ಆ ತಾಲ್ಲೂಕಿನ ಶಿಕ್ಷಕರು ತೋರಿಸಿಕೊಟ್ಟರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಆದರೆ ಪದಕ್ಕೆ ಕಾಯಿಸಬಾರದು ಎಂದು ಒಪ್ಪಿದವರು ಪುಸ್ತಕಕ್ಕೆ ಮಾತ್ರ ಇವತ್ತಿಗೂ ಕಾಯಿಸುತ್ತಿದ್ದೇವೆ. ‘ಇನ್ನೂ ಒತ್ತಕ್ಷರ ಬಂದಿಲ್ಲ ಸಾರ್, ಈಗಲೇ ಕಥೆ ಪುಸ್ತಕ ಕೊಟ್ಟು ಏನು ಮಾಡೋದು?’ ಈ ಮಾತನ್ನು ನಾನು ಕೇಳದ ತಾಲ್ಲೂಕಿಲ್ಲ.

ಒತ್ತಕ್ಷರ ಎಂದಿಗೆ ಮುಗಿಯುತ್ತದೆ? ವರ್ಣಮಾಲೆಯಲ್ಲಿ 49 ಅಕ್ಷರ. ಕಾಗುಣಿತ ಸೇರಿದರೆ 400 ದಾಟುತ್ತದೆ. ಒತ್ತು ಸೇರಿದರೆ ಲೆಕ್ಕವೇ ಬಿಟ್ಟುಹೋಗುತ್ತದೆ. ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿರುವ ಸಂಶೋಧಕರೆಲ್ಲ ಓದಿರುತ್ತೀರಿ. ಕನ್ನಡದ ಮಕ್ಕಳ ಅಕ್ಷರ ಕಲಿಕೆ ಮೂರನೇ, ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ ಎಂದು ಅವರು ತೋರಿಸಿದರು. ಅದು ಮಗುವಿನ ದಡ್ಡತನ ಅಲ್ಲ, ನಮ್ಮ ಲಿಪಿಯ ಸ್ವಭಾವ. ಅಕ್ಷರ ಪೂರ್ತಿ ಬರಲಿ, ಆಮೇಲೆ ಪುಸ್ತಕ ಎಂದರೆ ಮಗುವಿಗೆ ಹತ್ತು ವರ್ಷ ತುಂಬಿರುತ್ತದೆ. ಅಷ್ಟರಲ್ಲಿ ಅದರ ಕೈಗೆ ಮೊಬೈಲು ಬಂದಿರುತ್ತದೆ, ಅದಕ್ಕೆ ಒತ್ತಕ್ಷರದ ಹಂಗಿಲ್ಲ.

ಈಗ ಅಳತೆಯ ವಿಷಯ. 2021ರ ಜುಲೈಯಲ್ಲಿ ಬುನಾದಿ ಓದು, ಲೆಕ್ಕಕ್ಕೆಂದು ಕೇಂದ್ರದ ನಿಪುಣ್ ಭಾರತ್ ಅಭಿಯಾನ ಬಂತು. ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎಂಬುದು ಅದರ ಗುರಿ. ನ್ಯಾಯವಾಗಿ ಹೇಳಬೇಕೆಂದರೆ ಮಾರ್ಗಸೂಚಿಯಲ್ಲಿ ‘ಅರ್ಥಸಹಿತ’ ಎಂದಿದೆ, ‘ಭಾಷೆಗೆ ತಕ್ಕಂತೆ’ ಎಂದೂ ಇದೆ. ಶಾಲೆಯ ಗೋಡೆಯ ಮೇಲಿನ ಚಾರ್ಟಿಗೆ ಬರುವಾಗ ಆ ಎರಡೂ ಉದುರಿ ಅಂಕಿಯೊಂದೇ ಉಳಿದಿರುತ್ತದೆ. ‘ಹೋಗುತ್ತಿರಲಿಲ್ಲವಂತೆ’ ಎಂಬುದು ಕನ್ನಡದ ಮಗುವಿಗೆ ಒಂದು ಪದ. ಹಿಂದಿಯ ಮಗು ಅಷ್ಟೇ ಅರ್ಥಕ್ಕೆ ನಾಲ್ಕೈದು ಪದ ಎಣಿಸಿಕೊಂಡು ಮುಂದೆ ಹೋಗಿರುತ್ತದೆ. 2022ರಲ್ಲಿ ಎನ್‌ಸಿಇಆರ್‌ಟಿ ಬುನಾದಿ ಕಲಿಕೆಯ ಅಧ್ಯಯನ ಮಾಡಿದಾಗ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಇಟ್ಟದ್ದು ಈ ಕಾರಣಕ್ಕೇ. ನಮ್ಮ ಚಾರ್ಟುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಅಂಕಿಯ ಬಗ್ಗೆ ಇದಕ್ಕಿಂತ ಹೆಚ್ಚು ಜಗಳ ಆಡುವುದಿಲ್ಲ. ನನ್ನ ತಕರಾರು ಇನ್ನೂ ಹಿಂದಿನದು. 60 ಇರಲಿ, 40 ಇರಲಿ, ನಾವು ಅಳೆಯುತ್ತಿರುವುದು ಮಗುವಿನ ದನಿಯನ್ನು.

‘ಗಟ್ಟಿಯಾಗಿ ಓದುವುದು ನಮ್ಮ ಪರಂಪರೆ ಅಲ್ಲವೇ?’ ಎಂದು ಕಳೆದ ಬಾರಿ ಒಬ್ಬ ಹಿರಿಯ ಮೇಷ್ಟ್ರು ನನ್ನನ್ನು ತಡೆದು ಕೇಳಿದ್ದರು. ಖಂಡಿತ ಹೌದು. ಕುಮಾರವ್ಯಾಸನನ್ನು, ಲಕ್ಷ್ಮೀಶನನ್ನು ನಮ್ಮ ಹಳ್ಳಿಗಳು ಕಿವಿಯಿಂದಲೇ ಓದಿದವು. ಅಕ್ಷರ ಬಾರದವರ ನಾಲಿಗೆಯ ಮೇಲೂ ಷಟ್ಪದಿ ಇತ್ತು. ಆದರೆ ಕಾವ್ಯವನ್ನು ಹಾಡಿ ವಾಚಿಸುವ ಗಮಕದ ಏರ್ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಲ್ಲಿ ವಾಚನ ಮಾಡುವವರು ಒಬ್ಬರು, ಪಕ್ಕದಲ್ಲಿ ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ಒಂದು ಪದ್ಯ ಹಾಡುತ್ತಾರೆ, ನಿಲ್ಲಿಸುತ್ತಾರೆ, ಅರ್ಥ ಬಿಡಿಸುತ್ತಾರೆ. ಎದುರಿಗೆ ಕುಳಿತವರಿಗೆ ಕಥೆ ಬೇಕಾಗಿರುತ್ತದೆ; ಕರ್ಣನ ಸಾವಿಗೆ ಅತ್ತು ಮನೆಗೆ ಹೋಗುತ್ತಾರೆ. ನಮ್ಮ ತರಗತಿಯಲ್ಲಿ ಮಗುವಿನ ಎದುರು ಕುಳಿತವರ ಕೈಯಲ್ಲಿ ಸ್ಟಾಪ್‌ವಾಚ್ ಇರುತ್ತದೆ. ಅವರಿಗೆ ಕಥೆ ಬೇಕಾಗಿಲ್ಲ ಎಂಬುದು ಎಂಟು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತಾಗುತ್ತದೆ. ಪರಂಪರೆಯಿಂದ ನಾವು ದನಿಯನ್ನು ಇಟ್ಟುಕೊಂಡು ವ್ಯಾಖ್ಯಾನವನ್ನೂ ಕೇಳುಗರನ್ನೂ ಬಿಟ್ಟುಬಿಟ್ಟೆವು.



ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆಗೆ ಬರುತ್ತೇನೆ. ಕಾವೇರಿ ಸೀಮೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. ಮಧ್ಯಾಹ್ನದ ಊಟ ಮುಗಿದಿತ್ತು. ಮೂರನೇ ತರಗತಿಯ ಹುಡುಗನೊಬ್ಬ ಕಟ್ಟೆಯ ಮೇಲೆ ಕುಳಿತು ಚಿತ್ರಗಳಿದ್ದ ತೆಳುವಾದ ಕಥೆ ಪುಸ್ತಕ ಹಿಡಿದಿದ್ದ. ಬೆರಳು ಪ್ರತಿ ಅಕ್ಷರದ ಕೆಳಗೆ, ತುಟಿ ಗುಣುಗುಣು. ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತಿತ್ತು, ಚಿತ್ರ ನೋಡಿಕೊಂಡು ಮುಂದೆ ದಾಟುತ್ತಿತ್ತು. ನಾಲ್ಕನೆಯ ಪುಟಕ್ಕೋ ಐದನೆಯ ಪುಟಕ್ಕೋ ತುಟಿ ನಿಂತಿತು. ಬೆರಳು ಪುಟದ ಅಂಚಿಗೆ ಸರಿಯಿತು. ಕಣ್ಣು ಮಾತ್ರ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಒಬ್ಬನೇ ಕಿಸಕ್ಕನೆ ನಕ್ಕ. ಒಳಗೆ ಗೋಡೆಯ ಚಾರ್ಟಿನಲ್ಲಿ ಆ ಹುಡುಗನ ಹೆಸರು ‘ಪದ ಹಂತ’ದ ಗುಂಪಿನಲ್ಲಿತ್ತು.

ತುಟಿ ನಿಂತದ್ದು ಯಾಕೆ? ದನಿ ಒಳಗೆ ಇಳಿಯುವುದು ಯಾವಾಗ? ಅಕ್ಷರದ ಮೇಲೆ ಹಿಡಿತ ಬಂದ ಮೇಲೆ ತಾನಾಗಿ ಆಗುತ್ತದೆ ಎನ್ನುವವರಿದ್ದಾರೆ. ಹಾಗಾದರೆ ಒತ್ತಕ್ಷರಕ್ಕೆ ತಡವರಿಸುತ್ತಿದ್ದ ಆ ಹುಡುಗನಿಗೆ ಹೇಗಾಯಿತು? ಕಥೆಯ ಸೆಳೆತ ಎನ್ನೋಣವೆಂದರೆ, ಪಠ್ಯಪುಸ್ತಕದಲ್ಲೂ ಒಳ್ಳೆಯ ಕಥೆಗಳಿವೆ, ಅಲ್ಲಿ ಆಗುವುದನ್ನು ನಾನು ಅಷ್ಟಾಗಿ ಕಂಡಿಲ್ಲ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂಬ ನಿರಾಳವೇ? ತಾನೇ ಆರಿಸಿಕೊಂಡ ಪುಸ್ತಕ ಎಂಬುದೇ? ಪಠ್ಯಪುಸ್ತಕ ಸಿಕ್ಕೂ, ಚಾರ್ಟಿನಲ್ಲಿ ಮೇಲಿನ ಗುಂಪಿಗೆ ಏರಿಯೂ, ಆರನೇ ತರಗತಿಯವರೆಗೂ ತುಟಿ ನಿಲ್ಲದ ಮಕ್ಕಳಿದ್ದಾರಲ್ಲ, ಅವರಿಗೆ ಸಿಗದೆ ಹೋದದ್ದು ಏನು? ನನ್ನಲ್ಲಿ ಉತ್ತರವಿಲ್ಲ, ಊಹೆ ಇದೆ: ಮಗು ತಾನೇ ಆರಿಸಿದ, ಪರೀಕ್ಷೆಗಿಲ್ಲದ, ಮನೆಗೆ ಒಯ್ಯಬಹುದಾದ ಪುಸ್ತಕಗಳು ಸಾಕಷ್ಟು ಸಿಕ್ಕಿದ ಕಡೆ ಇದು ಬೇಗ ಆಗುತ್ತದೆ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಕ್ರಿಯಾ ಸಂಶೋಧನೆಗೆ ವಿಷಯ ಹುಡುಕುತ್ತಿರುವ ಗೆಳೆಯರು ಇದನ್ನು ಎತ್ತಿಕೊಳ್ಳಿ. ನನ್ನ ಊಹೆ ಸುಳ್ಳಾದರೂ ಸಂತೋಷ, ಆದರೆ ಯಾರಾದರೂ ನೋಡಲಿ.

ಪುಸ್ತಕವೇ ಇಲ್ಲ ಎನ್ನುವ ಕಾಲ ಈಗಿಲ್ಲ. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದಂಥ ಸಾಹಸವನ್ನು ಒಬ್ಬರೇ ತಲೆಯ ಮೇಲೆ ಹೊತ್ತ ದಿನಗಳಿಗೆ ಹೋಲಿಸಿದರೆ ನಾವು ಶ್ರೀಮಂತರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕೆನ್ನುತ್ತದೆ, ಕಥೆ ಪುಸ್ತಕಗಳನ್ನು ಹೆಸರಿಸಿಯೇ ಹೇಳುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಪುಸ್ತಕದ ಅನುದಾನವಿದೆ. ಪುಸ್ತಕ ಬರುತ್ತದೆ, ದಾಸ್ತಾನು ವಹಿಯಲ್ಲಿ ನಮೂದಾಗುತ್ತದೆ, ಮುಖ್ಯ ಶಿಕ್ಷಕರ ಕೊಠಡಿಯ ಗೋದ್ರೇಜ್ ಬೀರುವಿಗೆ ಸೇರುತ್ತದೆ. ಕೀಲಿಕೈ ಮುಖ್ಯ ಶಿಕ್ಷಕರ ಜೇಬಿನಲ್ಲಿ, ಮುಖ್ಯ ಶಿಕ್ಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಸಭೆಯಲ್ಲಿ.

ಅವರನ್ನು ನಾನು ದೂರುವುದಿಲ್ಲ. ನನಗೆ ಪರಿಚಯದ ಒಬ್ಬ ಮುಖ್ಯ ಶಿಕ್ಷಕಿ ಮಕ್ಕಳಿಗೆ ಧಾರಾಳವಾಗಿ ಪುಸ್ತಕ ಕೊಡುತ್ತಿದ್ದರು. ವರ್ಗಾವಣೆಯಾಗಿ ಪ್ರಭಾರ ವಹಿಸಿಕೊಡುವ ದಿನ ಒಂದಷ್ಟು ಪುಸ್ತಕ ಕಡಿಮೆ ಬಿದ್ದವು. ಕೈಯಿಂದ ಹಣ ಕಟ್ಟಿ ಬಿಡುಗಡೆ ಪಡೆದರು. ಮುಂದಿನ ಶಾಲೆಯಲ್ಲಿ ಅವರೂ ಬೀಗ ಹಾಕಿದರು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಕ್ಕೆಂದೇ ಒಂದು ನಿಯಮವಿದೆ. ವರ್ಷದಲ್ಲಿ ಓದಲು ಕೊಟ್ಟ 1,000 ಪುಸ್ತಕಕ್ಕೆ 5 ಕಳೆದರೆ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ಒಪ್ಪಬಹುದು. ದೊಡ್ಡವರು ಓದುವ ಗ್ರಂಥಾಲಯಕ್ಕೇ ಈ ರಿಯಾಯಿತಿ. ಮಳೆಗಾಲದಲ್ಲಿ ಸೋರುವ ಮನೆಗೆ ಪುಸ್ತಕ ಒಯ್ಯುವ ಏಳು ವರ್ಷದ ಮಗುವಿಗೆ ಎಷ್ಟಿರಬೇಕು? ನನ್ನನ್ನು ಕೇಳಿದರೆ 1,000ಕ್ಕೆ 100.

ಪುಸ್ತಕ ಸಿಕ್ಕರೂ ಓದಲು ಸಮಯವೆಲ್ಲಿ ಎನ್ನುವವರಿಗೆ ಒಂದೇ ಲೆಕ್ಕ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ದಿನಕ್ಕೆ 20 ನಿಮಿಷ ಮಕ್ಕಳು ತಮಗೆ ಬೇಕಾದ್ದನ್ನು ಓದಿದರೆ ವರ್ಷಕ್ಕೆ 67 ಗಂಟೆಯೂ ಆಗುವುದಿಲ್ಲ. ಅಷ್ಟು ಹೊತ್ತು ಮೇಷ್ಟ್ರೂ ಒಂದು ಪುಸ್ತಕ ಹಿಡಿದು ಕುಳಿತಿರಲಿ. ವಾಟ್ಸ್‌ಆ್ಯಪ್ ಗುಂಪಿಗೆ ಮಾಹಿತಿ ಕಳಿಸುವ ಕೆಲಸ ಆಮೇಲಾದರೂ ಆದೀತು.

ಚೀಟಿ ಬಂತು. ಕ್ಷೇತ್ರ ಶಿಕ್ಷಣಾಧಿಕಾರಿಗಳು ಎದುರಿಗೇ ಇದ್ದಾರೆ, ಆದ್ದರಿಂದ ನೇರವಾಗಿ ಅವರನ್ನೇ ಕೇಳುತ್ತೇನೆ. ಮಕ್ಕಳ ಕೈಯಲ್ಲಿ ಹರಿದ, ಕಳೆದ ಕಥೆ ಪುಸ್ತಕದ ಬೆಲೆಯನ್ನು ಯಾವ ಶಿಕ್ಷಕರಿಂದಲೂ ವಸೂಲಿ ಮಾಡತಕ್ಕದ್ದಲ್ಲ ಎಂದು ಒಂದು ಸುತ್ತೋಲೆ ಹೊರಡುವಂತೆ ಮೇಲಿನವರಿಗೆ ಬರೆಯಿರಿ. ಶಾಲೆ ತೆರೆಯುವ ಮೊದಲ ದಿನಕ್ಕೇ ಅದು ಶಾಲೆಗಳ ಕೈ ಸೇರಲಿ. ಈ ವರ್ಷ ನಮ್ಮ ಶಾಲೆಗಳಿಂದ ನನಗಿರುವ ನಿರೀಕ್ಷೆ ಇದೊಂದೇ.